ಸತ್ತವರ ಸಾಲಿನ ಮೂರನೆಯ ಹೆಸರು

ಗರಿಫಲಿಯಾ ತೀರಿಕೊಂಡು ನಾಳೆಗೆ ನಲವತ್ತು ದಿನ. ಅವಳ ಹೆಸರಲ್ಲಿ ಗೋಧಿ ಬೇಯಿಸಿ ಚರ್ಚಿಗೆ ಒಯ್ಯುವವರು ಈ ಊರಿನಲ್ಲಿ ಯಾರೂ ಇಲ್ಲದ್ದರಿಂದ ಬೆಳಿಗ್ಗೆ ನಾನೇ ಎರಡು ಸೇರು ನೆನೆಹಾಕಿದೆ. ಪಕ್ಕದ ಮನೆಯವಳು ಗೋಡೆಯ ಮೇಲಿಂದ ಇಣುಕಿ, ಯಾರಿಗೆ ಮೇಸ್ತ್ರಿ ಇಷ್ಟೊಂದು ಗೋಧಿ ಅಂತ ಕೇಳಿದಳು. ಹೇಳಿದೆ. ಮುಖ ಸಿಂಡರಿಸಿಕೊಂಡು ಒಳಗೆ ಹೋದಳು. ಯುದ್ಧ ಮುಗಿದು ಇಪ್ಪತ್ತು ವರ್ಷವಾದರೂ ಪ್ರಿನಾರಿಯಲ್ಲಿ ಗರಿಫಲಿಯಾ ಅಂದರೆ ಜರ್ಮನರ ಬಟ್ಟೆ ಒಗೆದವಳು, ಅಷ್ಟೇ. ಆ ಹೆಸರು ಅವಳಿಗೆ ಅಂಟಿಯೇ ಉಳಿಯಿತಲ್ಲ, ಅದಕ್ಕೆ ಕಾರಣ ನಾನು. ನಾಳೆ ಚರ್ಚಿನಲ್ಲಿ ಎಲ್ಲರೆದುರು ಇದನ್ನು ಹೇಳಬೇಕೆಂದಿದ್ದೇನೆ. ಆ ಹೊತ್ತಿಗೆ ನಾಲಿಗೆ ಏಳದಿದ್ದರೆ ಕಾಗದವಾದರೂ ಇರಲಿ ಅಂತ ಬರೆದಿಡುತ್ತಿದ್ದೇನೆ.

ನಾನು ಅಂದ್ರೂಲಿಸ್. ಬೂಟು ಹೊಲಿಯುವುದು ಕಸುಬು. ಭಾನುವಾರ ಚರ್ಚಿನಲ್ಲಿ ಸ್ತೋತ್ರ ಹಾಡುತ್ತೇನೆ. ಪಾದ್ರಿ ನೆಕ್ತಾರಿಯವರ ಕಣ್ಣಿಗೆ ಪೊರೆ ಬಂದ ಮೇಲೆ ಹೆಸರಿನ ಚೀಟಿಗಳನ್ನು ಓದುವ ಕೆಲಸವೂ ನನ್ನ ಪಾಲಿಗೆ ಬಂತು. ನಮ್ಮ ಕಡೆ ಶನಿವಾರ ಸಂಜೆ ಹೆಂಗಸರು ಮುದ್ರೆ ಒತ್ತಿದ ರೊಟ್ಟಿಯನ್ನು ಚರ್ಚಿನ ಜಗುಲಿಯ ಮೇಲೆ ಇಟ್ಟು ಹೋಗುತ್ತಾರೆ. ರೊಟ್ಟಿಯ ಕೆಳಗೆ ಚೀಟಿ. ಚೀಟಿಯ ನಡುವೆ ಒಂದು ಗೆರೆ. ಎಡಕ್ಕೆ ಬದುಕಿರುವವರ ಹೆಸರು, ಬಲಕ್ಕೆ ಸತ್ತವರ ಹೆಸರು. ಮರುದಿನ ನಾನು ಗಟ್ಟಿಯಾಗಿ ಓದುತ್ತೇನೆ. ಇವರಿಗೆ ಆರೋಗ್ಯ ಕೊಡು, ಅವರಿಗೆ ವಿಶ್ರಾಂತಿ ಕೊಡು ಅಂತ ಪಾದ್ರಿ ಬೇಡಿಕೊಳ್ಳುತ್ತಾರೆ. ಮುಗಿದ ಮೇಲೆ ಚೀಟಿಗಳನ್ನು ಧೂಪದ ಕೆಂಡಕ್ಕೆ ಹಾಕುತ್ತೇನೆ. ಬದುಕಿರುವವನ ಹೆಸರು ಅಪ್ಪಿತಪ್ಪಿ ಬಲಗಡೆಗೆ ಬಂತೋ, ಅವನ ಆಯುಸ್ಸು ಕಡಿಮೆಯಾಯಿತು ಅಂತಲೇ ಲೆಕ್ಕ. ಇದನ್ನು ನಂಬದವನು ಈ ಬೆಟ್ಟದ ಬುಡದಲ್ಲಿ ಹುಟ್ಟಿಲ್ಲ.

ಗರಿಫಲಿಯಾ ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು. ಹನ್ನೆರಡಕ್ಕೆ ಹನಿಯಾ ಪಟ್ಟಣದ ಸಾಬೂನು ವರ್ತಕನೊಬ್ಬನ ಮನೆಗೆಲಸಕ್ಕೆ ಹೋದಳು. ಆ ವರ್ತಕ ಯಾವ ದೇಶದವನು ಅಂತ ಊರಿನಲ್ಲಿ ಯಾರೂ ಕೇಳಲಿಲ್ಲ. ಒಂಬತ್ತು ವರ್ಷ ಜರ್ಮನ್ ಮಾತಾಡುವ ಮನೆಯಲ್ಲಿ ನೆಲ ಒರೆಸಿ, ಮಕ್ಕಳನ್ನು ತೂಗಿ ಬಂದವಳು ಅವಳು. ಬಂದವಳು ಕಲ್ಲುಕುಟಿಗ ಸ್ತಿಲಿಯಾನೊಸನನ್ನು ಮದುವೆಯಾದಳು. ಮಗ ಸಿಫಿಸ್ ಆರು ವರ್ಷದವನಿದ್ದಾಗ ಗಂಡ ಚಳಿಜ್ವರದಲ್ಲಿ ಹೋದ. ಅಂದಿನಿಂದ ಕಪ್ಪು ಬಟ್ಟೆ. ಒಬ್ಬನೇ ಮಗ, ಮೂರು ಆಡು, ಹನ್ನೊಂದು ಆಲಿವ್ ಮರ. ಯಾರ ತಂಟೆಗೂ ಹೋದವಳಲ್ಲ.

ಜರ್ಮನರು ಬಂದು ನಮ್ಮ ಶಾಲೆಯಲ್ಲಿ ಬಿಡಾರ ಹೂಡಿದಾಗ ಬಟ್ಟೆ ಒಗೆಯಲು ಒಬ್ಬ ಹೆಂಗಸು ಬೇಕು ಅಂತ ಡಂಗುರ ಹೊಡೆಸಿದರು. ಪ್ರಿನಾರಿಯಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಮೂರನೆಯ ದಿನ ಗರಿಫಲಿಯಾ ತಾನಾಗಿಯೇ ಸಾಬೂನಿನ ಬುಟ್ಟಿ ಹೊತ್ತು ಶಾಲೆಯ ಮೆಟ್ಟಿಲು ಹತ್ತಿದಳು. ಮಗ ಪಿರೇಯಸ್ ಬಂದರಿನಲ್ಲಿ ಜರ್ಮನರ ಕಾರ್ಖಾನೆಗೆ ಸೇರಿದ್ದಾನೆ ಅಂತ ಆ ಹೊತ್ತಿಗಾಗಲೇ ಹೇಳಿಕೊಂಡು ತಿರುಗುತ್ತಿದ್ದಳು. ತಾಯಿಗೆ ತಕ್ಕ ಮಗ ಅಂದೆವು. ನೀರಿನ ಊಟೆಯಲ್ಲಿ ಅವಳು ಕೊಡ ಇಟ್ಟರೆ ಉಳಿದ ಹೆಂಗಸರು ತಮ್ಮ ಕೊಡ ಎತ್ತಿಕೊಂಡು ಹೋಗುವರು. ಅವಳ ಬಾಗಿಲಿಗೆ ಸಗಣಿ ಬಳಿದರು. ನಾನೇನು ಕಡಿಮೆಯೇ? ಅವಳ ಬೂಟು ರಿಪೇರಿಗೆ ಬಂದಾಗ ಅಟ್ಟೆಯಲ್ಲಿ ಒಂದು ಮೊಳೆಯ ತುದಿಯನ್ನು ಬೇಕೆಂದೇ ಮೇಲಕ್ಕೆ ಬಿಟ್ಟೆ. ಎರಡು ದಿನದ ಮೇಲೆ ಕುಂಟುತ್ತಾ ಬಂದು, ಮೇಸ್ತ್ರಿ, ಮೊಳೆ ಚುಚ್ಚುತ್ತೆ ಅಂದಳು. ಹೊಸ ಬೂಟನ್ನು ನಿನ್ನ ಜರ್ಮನರ ಹತ್ತಿರ ಕೇಳು ಅಂದೆ. ಅಂಗಡಿಯಲ್ಲಿ ಕೂತಿದ್ದವರು ನಕ್ಕರು. ಅವಳು ಬೂಟನ್ನು ಕೈಯಲ್ಲಿ ಹಿಡಿದುಕೊಂಡು ಮನೆಗೆ ಹೋದಳು.

ಈಗ ನನಗೆ ಗೊತ್ತಿರುವುದನ್ನು ಹೇಳಿಬಿಡುತ್ತೇನೆ. ಆಗ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ, ಅವಳಿಗೆ ಮತ್ತು ಕುರುಬ ವಾರ್ದಿಸ್‌ಗೆ. ಸಿಫಿಸ್ ಪಿರೇಯಸ್‌ಗೆ ಹೋಗಿಯೇ ಇರಲಿಲ್ಲ. ಬೆಟ್ಟದ ಮೇಲಿದ್ದ ನಮ್ಮ ಹುಡುಗರ ಸುದ್ದಿಯನ್ನು ವಾರ್ದಿಸ್‌ನಿಂದ ಪಡೆದು ಕಡಲ ದಂಡೆಗೆ ಒಯ್ಯುವ ಕೆಲಸದಲ್ಲಿದ್ದ; ಅವನು ಯಾರೆಂದು ಬೆಟ್ಟದವರಿಗೂ ತಿಳಿಸಿರಲಿಲ್ಲ. ಅವನ ತಾಯಿ ಇಸ್ತ್ರಿ ಮಾಡುತ್ತಿದ್ದದ್ದು ಶಾಲೆಯ ಎರಡನೆಯ ಕೋಣೆಯಲ್ಲಿ. ಅದಕ್ಕೂ ನಕಾಶೆ ತೂಗುಹಾಕಿದ್ದ ಕೋಣೆಗೂ ನಡುವೆ ಇದ್ದದ್ದು ಬರೀ ಒಂದು ಹಲಗೆಯ ಗೋಡೆ. ಈ ಹಳ್ಳಿ ಮುದುಕಿಗೆ ಏನು ತಿಳಿಯುತ್ತೆ ಅಂತ ಅವರು ಬಾಗಿಲನ್ನೂ ಮುಚ್ಚುತ್ತಿರಲಿಲ್ಲ. ಕೇಳಿದ್ದನ್ನೆಲ್ಲ ಅವಳು ಚೀಟಿಯಲ್ಲಿ ಇಡುತ್ತಿದ್ದಳು. ಎಡಗಡೆ ಎಷ್ಟು ಹೆಸರೋ, ಭಾನುವಾರದಿಂದ ಅಷ್ಟನೆಯ ದಿನ ಜರ್ಮನರು ಬೆಟ್ಟಕ್ಕೆ ಹೊರಡುತ್ತಾರೆ. ಬಲಗಡೆ ಎಷ್ಟು ಹೆಸರೋ, ಅಷ್ಟು ದಾರಿಯಿಂದ ಬರುತ್ತಾರೆ. ಒಂದಾದರೆ ಹೊಳೆಯ ದಾರಿ, ಎರಡಾದರೆ ಕಣಿವೆಯದೂ ಸೇರಿತು, ಮೂರಾದರೆ ಬೆಟ್ಟದ ನೆತ್ತಿಯ ದಾರಿಯೂ ಸೇರಿತು. ಜರ್ಮನರು ಹೊರಡದ ವಾರ ರೊಟ್ಟಿ ಮಾತ್ರ, ಚೀಟಿ ಇಲ್ಲ. ಸತ್ತವರಲ್ಲಿ ಗಂಡ ಸ್ತಿಲಿಯಾನೊಸನ ಹೆಸರು ಮೊದಲು ಬಂದರೆ ಅದು ಅವಳ ಚೀಟಿ. ವಾರ್ದಿಸ್ ಪ್ರತಿ ಭಾನುವಾರ ಜರ್ಮನರಿಗೆ ಗಿಣ್ಣು ತಂದುಕೊಟ್ಟು, ಚರ್ಚಿನ ಬಾಗಿಲ ಬಳಿ ನಿಂತು, ನನ್ನ ಓದು ಮುಗಿದ ಕೂಡಲೇ ಜಾರಿಕೊಳ್ಳುತ್ತಿದ್ದ. ದೇವರ ಪ್ರಸಾದಕ್ಕೂ ನಿಲ್ಲದ ಕಾಡುಮನುಷ್ಯ ಅಂತ ನಾವು ಆಡಿಕೊಳ್ಳುತ್ತಿದ್ದೆವು. ಒಂದೂವರೆ ವರ್ಷ ಅವಳ ಸುದ್ದಿ ಬೆಟ್ಟ ಹತ್ತಿದ್ದು ನನ್ನ ಬಾಯಿಂದ. ನನಗೇ ಅದರ ಸುಳಿವಿರಲಿಲ್ಲ. ಈ ಹೆಂಗಸಿನ ಮನೆತನದಲ್ಲಿ ಸತ್ತವರು ಬಹಳ ಅಂತ ಒಮ್ಮೊಮ್ಮೆ ಅನ್ನಿಸುತ್ತಿತ್ತು, ಅಷ್ಟೇ. ಮೂರು ವರ್ಷದ ಕೂಸಾಗಿದ್ದಾಗಲೇ ಸತ್ತ ಅಜ್ಜಿಯ ತಂಗಿಯನ್ನೂ ಅವಳು ಬಿಟ್ಟಿರಲಿಲ್ಲ.

ಸಾವಿರದ ಒಂಬೈನೂರ ನಲವತ್ತಮೂರರ ಚಳಿಗಾಲದ ಕೊನೆ. ಉಗ್ರಾಣದ ಸಾರ್ಜೆಂಟ್ ಹಾರ್ಟ್‌ವಿಗ್ ಅಂತ ಒಬ್ಬನಿದ್ದ. ಅವಳನ್ನು ಅಮ್ಮ ಅಂತಲೇ ಕರೆಯುತ್ತಿದ್ದ, ಕೆಟ್ಟವನಲ್ಲ. ಅವನು ಒಂದು ದಿನ ನೇಯ್ದ ಹೆಗಲಚೀಲವೊಂದನ್ನು ತಂದು ಅವಳ ಮುಂದೆ ಹಾಕಿದ. ಒಂದು ಮಗ್ಗುಲು ಕಪ್ಪಗೆ ಗಟ್ಟಿಯಾಗಿತ್ತು. ಕಲೆ ಹೋಗಬೇಕು, ಬಣ್ಣ ಹೋಗಬಾರದು, ಊರಲ್ಲಿರುವ ಹೆಂಡತಿಗೆ ಕಳಿಸಬೇಕು ಅಂತ ಕೈಸನ್ನೆ ಮಾಡಿ ತೋರಿಸಿದ. ಆಮೇಲೆ ಪಕ್ಕದಲ್ಲಿದ್ದವನ ಕಡೆ ತಿರುಗಿ, ಮೊನ್ನೆ ದಂಡೆಯ ಬಾವಿಯ ಹತ್ತಿರ ಹೊಡೆದ ಮೂವರಲ್ಲಿ ಉದ್ದನೆಯವನ ಹೆಗಲಿನಲ್ಲಿತ್ತು ಅಂತ ತನ್ನ ಭಾಷೆಯಲ್ಲಿ ಹೇಳಿದ. ಚೀಲದ ಅಂಚು ಕೆಂಪು ಉಣ್ಣೆಯದು. ಒಂದು ಮೂಲೆಯಲ್ಲಿ ಮಾತ್ರ ನಾಲ್ಕು ಬೆರಳಷ್ಟು ಕಂದು. ಅದನ್ನು ನೇಯುವಾಗ ಗರಿಫಲಿಯಾಳ ಮನೆಯಲ್ಲಿ ಕೆಂಪು ಉಣ್ಣೆ ಮುಗಿದುಹೋಗಿತ್ತು.

ರಕ್ತಕ್ಕೆ ಬಿಸಿನೀರು ಸೋಕಿಸಬಾರದು, ಸೋಕಿದರೆ ಕಲೆ ಕಚ್ಚಿಕೊಳ್ಳುತ್ತದೆ. ಅವಳು ಹೊಳೆಯ ತಣ್ಣೀರಿನಲ್ಲಿ ನಾಲ್ಕು ಸಲ ನೆನೆಹಾಕಿ, ಸಾಬೂನು ಹಚ್ಚಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಹಾಕಿ ಕೊಟ್ಟಳು. ಚೆನ್ನಾಗಿದೆ ಅಮ್ಮ ಅಂತ ಅವನು ಒಂದು ಡಬ್ಬಿ ಮಾಂಸ ಕೊಟ್ಟ. ತೆಗೆದುಕೊಂಡಳು. ತೆಗೆದುಕೊಳ್ಳದಿದ್ದರೆ ಯಾಕೆ ಅಂತ ಕೇಳುತ್ತಿದ್ದನಲ್ಲ. ಗಂಡ ಸತ್ತಾಗಲೇ ಕಪ್ಪು ಉಟ್ಟವಳಿಗೆ ಮಗನಿಗಾಗಿ ಹೊಸದಾಗಿ ಉಡಲು ಏನೂ ಉಳಿದಿರಲಿಲ್ಲ. ಅಳುವ ಹಾಗಿಲ್ಲ, ಜಡೆ ಕತ್ತರಿಸುವ ಹಾಗಿಲ್ಲ, ಗೋಧಿ ಬೇಯಿಸುವ ಹಾಗಿಲ್ಲ. ಪಿರೇಯಸ್‌ನಲ್ಲಿ ಬದುಕಿರುವ ಮಗನಿಗೆ ಯಾವ ತಾಯಿ ಗೋಧಿ ಬೇಯಿಸುತ್ತಾಳೆ? ಒಬ್ಬರಿಗೆ ತಿಳಿದರೂ ಅವಳ ಕೆಲಸ ಹೋಗುತ್ತಿತ್ತು, ತಲೆ ಹೋಗುತ್ತಿತ್ತು, ಅದರ ಹಿಂದೆಯೇ ಬೆಟ್ಟದ ಮೇಲಿನವರ ತಲೆಗಳೂ ಹೋಗುತ್ತಿದ್ದವು.

ನಲವತ್ತನೆಯ ದಿನ ಭಾನುವಾರಕ್ಕೆ ಬಂತು. ಅದೇ ವಾರ ಹಲಗೆಯ ಗೋಡೆಯ ಆಚೆ ದೊಡ್ಡ ಬೇಟೆಯ ಮಾತು ನಡೆದಿತ್ತು. ಮಂಗಳವಾರ ಬೆಳಗಿನ ಜಾವ, ಮೂರೂ ದಾರಿಯಿಂದ. ನೆತ್ತಿಯ ಕೆಳಗಿನ ಕುರಿದೊಡ್ಡಿಯಲ್ಲಿ ಹತ್ತೊಂಬತ್ತು ಜನರಿದ್ದರು, ಅವರಲ್ಲಿ ನಾಲ್ವರು ಗಾಯಾಳುಗಳು. ಗರಿಫಲಿಯಾ ಎಡಗಡೆ ಎರಡು ಹೆಸರು ಬರೆದಳು. ಬಲಗಡೆ ಮೂರು ಬೇಕಿತ್ತು. ಸ್ತಿಲಿಯಾನೊಸ್ ಅಂತ ಬರೆದಳು, ತಾಯಿಯ ಹೆಸರು ಎಲೇನಿ ಅಂತ ಬರೆದಳು. ಮೂರನೆಯದಾಗಿ ಯಾವ ಹೆಸರಾದರೂ ನಡೆಯುತ್ತಿತ್ತು. ಅವಳು ಯೋಸಿಫ್ ಅಂತ ಬರೆದಳು. ಸಿಫಿಸ್‌ಗೆ ಪಾದ್ರಿ ಇಟ್ಟ ಹೆಸರು ಅದು.

ಭಾನುವಾರ ಚೀಟಿ ಬಿಡಿಸಿದವನೇ ನಾನು ಬೆಚ್ಚಿಬಿದ್ದೆ. ಅವಳ ಕುಲದಲ್ಲಿ ಯೋಸಿಫ್ ಅನ್ನುವವನು ಇದ್ದದ್ದು ಒಬ್ಬನೇ, ಅವನು ಬದುಕಿದ್ದಾನೆ. ಹೆತ್ತ ಮಗನನ್ನು ಸತ್ತವರ ಸಾಲಿಗೆ ಬರೆದಿದ್ದಾಳಲ್ಲ, ಈ ಹೆಂಗಸಿಗೆ ಬುದ್ಧಿ ಕೆಟ್ಟಿದೆ ಅಂದುಕೊಂಡೆ. ತಾಯಿ ಎಂಥವಳಾದರೇನು, ಹುಡುಗನ ಆಯುಸ್ಸು ನನ್ನ ಬಾಯಿಂದ ಕಡಿಮೆಯಾಗುವುದು ಬೇಡ. ದೊಡ್ಡ ಮನಸ್ಸು ಮಾಡಿ, ಪೆನ್ಸಿಲಿನಿಂದ ಒಂದು ಗೀಟು ಎಳೆದು, ಯೋಸಿಫ್‌ನನ್ನು ಬಲದಿಂದ ಎಡಕ್ಕೆ ತಂದೆ. ನನ್ನ ಜೀವಮಾನದಲ್ಲಿ ಅಷ್ಟು ಸುಲಭವಾಗಿ ಒಳ್ಳೆಯವನಾದದ್ದು ಇನ್ನೊಮ್ಮೆ ಇಲ್ಲ.

ಓದಿದೆ. ಬದುಕಿರುವವರು ಮೂವರು, ಸತ್ತವರು ಇಬ್ಬರು. ಬಾಗಿಲ ಬಳಿ ವಾರ್ದಿಸ್ ಟೋಪಿ ಹಾಕಿಕೊಂಡು ಹೊರಟ. ಆಗ ಹೆಂಗಸರ ಕಡೆಯಿಂದ ಒಂದು ಮಾತು ಕೇಳಿಸಿತು. ಕೂಗಿದ್ದಲ್ಲ, ಹತ್ತಿರದಲ್ಲಿ ನಿಂತವರಿಗೆ ಹೇಳುವಂಥ ದನಿ.

"ಮೇಸ್ತ್ರಿ, ತಪ್ಪು ಓದಿದ್ರಿ. ಯೋಸಿಫ್ ಸತ್ತೋರಲ್ಲಿ."

ಎದೆಯ ಮೇಲೆ ಶಿಲುಬೆ ಬರೆದುಕೊಂಡವರೆಷ್ಟೋ. ಪೂಜೆಯ ನಡುವೆ ಹೆಂಗಸು ಮಾತಾಡಿದ್ದೇ ಅಪಚಾರ, ಮಾತಾಡಿದ್ದು ಹೆತ್ತ ಮಗನ ಸಾವು. ಸುಮ್ಮನಿರು ಅಂತ ಗದರಿದೆ. ಅವಳು ಮತ್ತೆ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದಳು. ಕಣ್ಣು ಮಾತ್ರ ಬಾಗಿಲ ಕಡೆಗಿತ್ತು. ವಾರ್ದಿಸ್ ಆಗಲೇ ಅಂಗಳ ದಾಟಿದ್ದ. ಇಬ್ಬರು ಹೆಂಗಸರು ಅವಳ ರೆಟ್ಟೆ ಹಿಡಿದು ಹೊರಗೆ ಎಳೆದೊಯ್ದರು. ನಾನು ಗಂಟಲು ಸರಿಮಾಡಿಕೊಂಡು ಮುಂದಿನ ಸ್ತೋತ್ರ ಹಾಡಿದೆ.

ಮಧ್ಯಾಹ್ನ ಅಂಗಡಿಗೆ ಬಂದಳು. ಭಾನುವಾರವಾದ್ದರಿಂದ ನಾನೊಬ್ಬನೇ ಇದ್ದೆ. ನೆನೆಸಿದ ಬಾರ್ಲಿ ರೊಟ್ಟಿಯ ಮೇಲೆ ಎಣ್ಣೆ ಸುರಿದುಕೊಂಡು ತಿನ್ನುತ್ತಿದ್ದೆ. ಅವಳು ಒಳಗೆ ಬಂದು ಬಾಗಿಲು ಹಾಕಿ, ಬೆನ್ನು ಅದಕ್ಕೆ ಆನಿಸಿ ನಿಂತಳು. ಆಮೇಲೆ ಎಲ್ಲವನ್ನೂ ಹೇಳಿದಳು. ಚೀಟಿಯ ಲೆಕ್ಕ, ವಾರ್ದಿಸ್, ಮಂಗಳವಾರ, ಮೂರು ದಾರಿ. ನಾನು ಓದಿದ್ದರ ಪ್ರಕಾರ ದಾಳಿ ಬುಧವಾರ, ಎರಡೇ ದಾರಿಯಿಂದ. ಅವರು ಮಂಗಳವಾರ ಬೆಳಿಗ್ಗೆ ನಿಶ್ಚಿಂತೆಯಿಂದ ಮಲಗಿರುತ್ತಾರೆ. ಒಂದು ವೇಳೆ ಎಚ್ಚರವಾದರೂ ನೆತ್ತಿಯ ದಾರಿ ಖಾಲಿ ಇದೆ ಅಂದುಕೊಂಡು ಅತ್ತ ಓಡುತ್ತಾರೆ.

"ನಿಮ್ಮ ಹತ್ರ ಬೆಟ್ಟ ಹತ್ತೋ ಪಾಸ್ ಇದೆ," ಅಂದಳು. "ಕುರುಬರ ಹತ್ರ ಚರ್ಮ ತರೋಕೆ ಹೋಗ್ತೀರಲ್ಲ. ನಾಳೆ ಸಂಜೆ ಒಳಗೆ ವಾರ್ದಿಸ್ ಕಿವಿಗೆ ಎರಡು, ಮೂರು ಅಂತ ಹಾಕಿ ಬಂದ್ರೆ ಸಾಕು. ಅವನಿಗೆ ತಿಳಿಯುತ್ತೆ. ನಾನು ಸೇತುವೆ ದಾಟೋ ಹಾಗಿಲ್ಲ ಅಣ್ಣಾ."

ಆ ಅಣ್ಣಾ ಅನ್ನುವ ಮಾತು ಇಂದಿಗೂ ಈ ಅಂಗಡಿಯಲ್ಲೇ ಇದೆ. ಆದರೆ ಅಂದು ನನಗೆ ಕೇಳಿಸಿದ್ದು ಬೇರೆ. ಜರ್ಮನರ ಒಗೆಯುವವಳು ನನ್ನನ್ನು ಬೆಟ್ಟಕ್ಕೆ ಅಟ್ಟುತ್ತಿದ್ದಾಳೆ. ನಾನು ಮುಂದೆ ಹೋಗುವುದು, ನನ್ನ ಹಿಂದೆ ಜರ್ಮನರು ಬರುವುದು, ಹುಡುಗರ ಅಡಗುತಾಣ ಅವರ ಕೈಗೆ ಸಿಗುವುದು. ಇವಳಿಗೆ ಇನ್ನೊಂದು ಡಬ್ಬಿ ಮಾಂಸ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

"ಮಗನ ಹೆಸರಿಟ್ಕೊಂಡು ಬಲೆ ಬೀಸ್ತೀಯಲ್ಲ," ಅಂದೆ. "ನಿನ್ನನ್ನ ಹೆತ್ತೋಳು ನಿನಗೆ ಹಾಲು ಕೊಟ್ಟಳೋ, ವಿಷ ಕೊಟ್ಟಳೋ?"

"ಸಿಫಿಸ್ ಸತ್ತು ಇವತ್ತಿಗೆ ನಲವತ್ತು ದಿನ."

"ಸತ್ತಿದ್ರೆ ಅಳು ಮತ್ತೆ. ಮಗ ಸತ್ತ ತಾಯಿ ಹಾಡಿಕೊಂಡು ಅಳದೇ ಇರೋದನ್ನ ಈ ಊರಲ್ಲಿ ನಾನು ಕಂಡಿಲ್ಲ. ಒಂದು ಸಾಲು ಹಾಡು. ನಂಬ್ತೀನಿ, ಈಗಲೇ ಹೊರಡ್ತೀನಿ."

ಅವಳು ಬಾಯಿ ತೆರೆದಳು. ಏನೂ ಬರಲಿಲ್ಲ. ಹೊರಗೆ ಬೀದಿಯಲ್ಲಿ ಇಬ್ಬರು ಜರ್ಮನರು ಮಾತಾಡಿಕೊಂಡು ಹೋಗುತ್ತಿದ್ದರು. ನಲವತ್ತು ದಿನ ಗಂಟಲಲ್ಲಿ ತುರುಕಿಟ್ಟದ್ದು ಕೇಳಿದ ಕೂಡಲೇ ಹೇಗೆ ಬಂದೀತು? ಇದನ್ನು ಈಗ ಕೇಳುತ್ತೇನೆ. ಆಗ ನಾನು ನೋಡಿದ್ದು ಅವಳ ಒಣಗಣ್ಣು ಮಾತ್ರ. ಅವಳು ಮೊಣಕಾಲೂರಿ ನನ್ನ ಕಾಲು ಹಿಡಿದುಕೊಂಡಳು. ಚರ್ಮದ ಚೂರುಗಳ ಮೇಲೆ, ಮೇಣದ ಕಲೆಗಳ ಮೇಲೆ. ಎದ್ದೇಳು, ನನ್ನ ಅಂಗಡಿ ಮೈಲಿಗೆಯಾಯಿತು ಅಂದೆ. ಬಾಗಿಲು ತೆರೆದು ನಿಂತೆ. ಎದ್ದು ಹೋದಳು. ಬಲಗಾಲು ಎಳೆದು ಹಾಕುತ್ತಿದ್ದಳು, ನನ್ನ ಮೊಳೆ ಅದರಲ್ಲೇ ಇತ್ತು.

ಸೋಮವಾರ ಸಂಜೆ ಅವಳು ಸೊಪ್ಪು ಕೀಳುವ ಬುಟ್ಟಿ ಹಿಡಿದುಕೊಂಡು ಸೇತುವೆಯವರೆಗೆ ಹೋಗಿದ್ದಳಂತೆ. ಕಾವಲಿನವನು ಹಿಂದಕ್ಕೆ ಕಳಿಸಿದ. ಹೊಳೆಯ ಕೆಳಗಿನಿಂದ ಸುತ್ತುಹಾಕಿ ದಾಟಲು ನೋಡಿದಳು. ಅಲ್ಲಿಯೂ ಒಬ್ಬ ನಿಂತಿದ್ದ. ಇದನ್ನು ಮರುದಿನ ಜನ ಬೇರೆ ಥರ ಹೇಳಿದರು: ಗುಂಡು ಹಾರುವ ಮುಂಚಿನ ಸಂಜೆ ಅವಳು ಜರ್ಮನರಿಗೆ ದಾರಿ ತೋರಿಸುತ್ತಾ ಸೇತುವೆಯ ಹತ್ತಿರ ತಿರುಗುತ್ತಿದ್ದಳು.

ಮಂಗಳವಾರ ಬೆಳಕು ಹರಿಯುವ ಮುಂಚೆ ಶುರುವಾದ ಗುಂಡಿನ ಸದ್ದು ಬಿಸಿಲೇರಿದ ಮೇಲೆ ನಿಂತಿತು. ನಾನು ಅಂಗಡಿಯ ಮುಂದೆ ನಿಂತು ಬೆಟ್ಟವನ್ನೇ ನೋಡುತ್ತಿದ್ದೆ. ಜರ್ಮನರು ಇಳಿಯತೊಡಗಿದರು. ಹೊಳೆಯ ದಾರಿಯಲ್ಲಿ ಒಂದು ಸಾಲು. ಕಣಿವೆಯಿಂದ ಇನ್ನೊಂದು ಸಾಲು. ನೆತ್ತಿಯ ದಾರಿಯ ಕಡೆ ತಲೆ ಎತ್ತುವ ಧೈರ್ಯ ಸಾಲಲಿಲ್ಲ. ಎತ್ತಿದೆ. ಅಲ್ಲಿಯೂ ಇಳಿಯುತ್ತಿದ್ದರು.

ಏಳು ಹೆಣಗಳನ್ನು ಹೇಸರಗತ್ತೆಗಳ ಮೇಲೆ ಅಡ್ಡ ಹಾಕಿ ಚೌಕಕ್ಕೆ ತಂದರು. ಮೊದಲನೆಯದು ವಾರ್ದಿಸ್‌ನದು. ಅವನ ಟೋಪಿಯನ್ನು ಯಾರೋ ಅವನ ಎದೆಗೇ ಕಟ್ಟಿದ್ದರು. ಉಳಿದ ಹನ್ನೆರಡು ಜನ ಹೇಗೋ ತಪ್ಪಿಸಿಕೊಂಡಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನನ್ನದು ಹೆಣ ಎಣಿಸಿದ ಮೇಲೆ ಬಂತು. ಪಾಸ್ ನನ್ನ ಜೇಬಿನಲ್ಲೇ ಇತ್ತು. ಬೆಟ್ಟ ಹತ್ತಲು ನನಗೆ ಬೇಕಾಗಿದ್ದದ್ದು ಮೂರು ಗಂಟೆ.

ಎರಡು ದಿನ ಬಿಟ್ಟು ಹೊಳೆಗೆ ಹೋದೆ. ಅವಳು ಒಗೆಯುತ್ತಿದ್ದಳು. ಬೆಟ್ಟ ಹತ್ತಿ ಬಂದವರ ಬಟ್ಟೆಗಳು ರಾಶಿ ಬಿದ್ದಿದ್ದವು; ನೆನೆಹಾಕಿದ್ದು ತಣ್ಣೀರಿನಲ್ಲಿ. ಅವಳೇ ತಲೆ ಎತ್ತದೆ ಮಾತಾಡಿದಳು. ಹೆಗಲಚೀಲದ ವಿಷಯ, ಕಂದು ಉಣ್ಣೆಯ ವಿಷಯ ಅಂದೇ ಹೇಳಿದ್ದು. ಬಟ್ಟೆ ಹಿಂಡುತ್ತಾ, ಹಿಂಡುತ್ತಾ ಹೇಳಿದಳು.

"ಇಷ್ಟು ವರ್ಷ ನೀವು ಹೆಸರು ಓದೋದು ಕೇಳಿದ್ದೀನಿ," ಅಂದಳು. "ಒಂದು ದಿನಾನೂ ಮನಸ್ಸಿಟ್ಟು ಓದಿದೋರಲ್ಲ. ಇದನ್ನೂ ಹಾಗೇ ಓದ್ತೀರ ಅಂದ್ಕೊಂಡೆ. ಒಂದೇ ಒಂದು ಸಲ ಅವನ ಹೆಸರು ಚರ್ಚಲ್ಲಿ ಬರ್ಲಿ ಅನ್ನಿಸ್ತು ಮೇಸ್ತ್ರಿ. ತಪ್ಪು ನಂದೇ. ಬೇರೆ ಹೆಸರು ಬರೀಬಹುದಿತ್ತು."

ನಾನು ಊರಿಗೆಲ್ಲ ಹೇಳುತ್ತೇನೆ, ಪಾದ್ರಿಯವರಿಗೆ ಹೇಳುತ್ತೇನೆ ಅಂದೆ. ಅವಳು ಮೊದಲ ಸಲ ನನ್ನ ಮುಖ ನೋಡಿದಳು.

"ಯಾರಿಗೂ ಹೇಳ್ಬೇಡಿ. ಬೆಟ್ಟದೋರಿಗೆ ಗೊತ್ತಾದ್ರೆ ನಿಮ್ಮನ್ನ ಉಳಿಸಲ್ಲ. ಜರ್ಮನರಿಗೆ ಗೊತ್ತಾದ್ರೆ ಇಬ್ಬರನ್ನೂ ಉಳಿಸಲ್ಲ. ಸತ್ತಿರೋರು ಸಾಕು."

ಚರ್ಚಿನಲ್ಲಿ ಆಡಿದ ಮಾತಿಗೆ ಹಾರ್ಟ್‌ವಿಗ್ ದುಭಾಷಿಯನ್ನು ಕರೆಸಿ ಅವಳನ್ನು ಕೂರಿಸಿ ಕೇಳಿದ್ದನಂತೆ. ಕೆಟ್ಟ ಕನಸು ಬಿದ್ದಿತ್ತು, ಮಗ ಸತ್ತ ಹಾಗೆ ಅಂದಳಂತೆ. ಅವನು ಸಮಾಧಾನ ಹೇಳಿ ಕಳಿಸಿದ. ಅವಳು ಜರ್ಮನರು ಹೋಗುವವರೆಗೂ ಒಗೆದಳು. ಬಿಟ್ಟರೆ ಸಂಶಯ, ಬಿಡದಿದ್ದರೆ ಊರಿನ ಉಗುಳು. ಹಲಗೆಯ ಗೋಡೆಯ ಆಚೆಯ ಮಾತುಗಳು ಕೇಳಿಸುತ್ತಲೇ ಇದ್ದವು. ಅವನ್ನು ಒಯ್ಯುವವರು ಇರಲಿಲ್ಲ. ನನ್ನ ಕೈಯಲ್ಲಿ ಕೊಡು ಅಂತ ಕೇಳೋಣ ಅಂದುಕೊಂಡು ಎಷ್ಟೋ ಸಲ ಹೊಳೆಯವರೆಗೆ ಹೋದೆ. ಕೇಳಲಿಲ್ಲ. ನನಗೆ ಹೆದರಿಕೆ. ಅದಕ್ಕೆ ಬೇರೆ ಹೆಸರು ಕೊಡುವುದಿಲ್ಲ.

ಮರುವರ್ಷ ಶರತ್ಕಾಲದಲ್ಲಿ ಜರ್ಮನರು ಊರು ಬಿಟ್ಟರು. ಗಂಟೆ ಬಾರಿಸಿದೆವು, ಕಟ್ಟಿಟ್ಟಿದ್ದ ರಾಕಿ ಸಾರಾಯಿಯ ಸೀಸೆಗಳನ್ನೆಲ್ಲ ತೆರೆದೆವು. ಸಂಜೆಯ ಹೊತ್ತಿಗೆ ಯಾರಿಗೋ ಗರಿಫಲಿಯಾ ನೆನಪಾದಳು. ಏಳು ಹೆಣ ಅವಳ ಲೆಕ್ಕದಲ್ಲಿದ್ದವಲ್ಲ. ಚೌಕದ ಮಧ್ಯೆ ಕುರ್ಚಿ ಹಾಕಿ ಕೂರಿಸಿದರು. ಕೊಲ್ಲುವುದು ಬೇಡ, ತಲೆ ಬೋಳಿಸಿ ಬಿಡೋಣ ಅಂತ ತೀರ್ಮಾನವಾಯಿತು. ದೊಡ್ಡ ಕತ್ತರಿ ಬೇಕಾಯಿತು. ಊರಿನಲ್ಲಿ ಅಂಥ ಕತ್ತರಿ ಇದ್ದದ್ದು ನನ್ನ ಅಂಗಡಿಯಲ್ಲಿ, ಚರ್ಮ ಕತ್ತರಿಸುವುದು.

ಮೇಸ್ತ್ರಿ ಕತ್ತರಿ ಅಂದರು. ತಂದುಕೊಟ್ಟೆ.

ಅಲ್ಲೇ, ಆ ಕ್ಷಣದಲ್ಲೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಜರ್ಮನರ ಭಯವೂ ಇರಲಿಲ್ಲ. ಆದರೆ ಸತ್ತ ಏಳು ಜನರ ತಾಯಂದಿರು, ಹೆಂಡಂದಿರು ಸುತ್ತ ನಿಂತಿದ್ದರು. ಅವಳಲ್ಲ, ನಾನು ಅನ್ನಬೇಕಾಗಿತ್ತು. ಅನ್ನಲಿಲ್ಲ. ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಹೇಳುತ್ತಿದ್ದೆನೇನೋ ಅಂತ ಎಷ್ಟೋ ವರ್ಷ ನನಗೆ ನಾನೇ ಸುಳ್ಳು ಹೇಳಿಕೊಂಡೆ.

ನಮ್ಮಲ್ಲಿ ಮಗ ಸತ್ತರೆ ತಾಯಿ ಜಡೆ ಕತ್ತರಿಸಿ ಹೆಣದ ಎದೆಯ ಮೇಲೆ ಇಡುತ್ತಾಳೆ. ಕತ್ತರಿಸಿದ ಮೊದಲ ಜಡೆ ಅವಳ ಮಡಿಲಿಗೆ ಬಿದ್ದಿತು. ಅವಳು ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡಳು. ಆಮೇಲೆ ಬಾಯಿ ತೆರೆದಳು, ಅಂಗಡಿಯಲ್ಲಿ ಅಂದು ತೆರೆದ ಹಾಗೆಯೇ. ಈ ಸಲ ಬಂತು.

"ತಣ್ಣೀರಲಿ ತೊಳೆದೆ ಮಗನೆ, ಬಿಸಿನೀರು ಸೋಕಿಸಲಿಲ್ಲ. ಕಲೆಯೆಲ್ಲ ಹೋಯ್ತು ಕಂದ, ನೀನು ಹೋಗಲಿಲ್ಲ."

ಅದೇ ಎರಡು ಸಾಲನ್ನು ಮತ್ತೆ ಮತ್ತೆ ಹಾಡಿದಳು. ಎಂಥ ದನಿ ಅದು. ನಾನು ಹಾಡುವವನು, ನನಗೆ ಗೊತ್ತು. ಮೊದಲು ಜನ ತಬ್ಬಿಬ್ಬಾದರು. ಆಮೇಲೆ ಯಾರೋ, ಬಟ್ಟೆ ಒಗೆಯೋ ಹಾಡು ಹೇಳ್ತಾಳೆ ನೋಡ್ರೋ ಅಂದರು. ಇನ್ನೊಬ್ಬಳು, ಕೂದಲಿಗೆ ಅಳ್ತಿದ್ದಾಳೆ, ಮಗನ ಹೆಸರು ಸೇರಿಸಿಕೊಂಡಿದ್ದಾಳೆ ಅಂದಳು. ನಕ್ಕರು. ಅವಳು ಜಡೆಯನ್ನು ಎದೆಗೊತ್ತಿಕೊಂಡು ಹಾಡುತ್ತಲೇ ಇದ್ದಳು, ಎರಡನೆಯ ಜಡೆಯೂ ಬೀಳುವವರೆಗೆ. ನಾನು ಅಲ್ಲೇ ನಿಂತಿದ್ದೆ. ಕತ್ತರಿ ವಾಪಸು ಬರಬೇಕಿತ್ತಲ್ಲ.

ಸಿಫಿಸ್ ಮರಳಿ ಬರಲಿಲ್ಲ. ಪಿರೇಯಸ್‌ನಿಂದ ಜರ್ಮನರ ಜೊತೆಗೇ ಓಡಿಹೋದ ಅಂತ ಊರು ತೀರ್ಮಾನಿಸಿತು. ಸಾಕ್ಷಿ ಹೇಳಬಲ್ಲವರೆಲ್ಲ ಸತ್ತಿದ್ದರು, ಒಬ್ಬನನ್ನು ಬಿಟ್ಟು. ಅವನು ಬೂಟು ಹೊಲಿಯುತ್ತಿದ್ದ. ಅವಳಿಗೆ ಪ್ರತಿ ಚಳಿಗಾಲಕ್ಕೂ ಒಂದು ಜೊತೆ ಬೂಟು ಮಾಡಿ ಹೊಸ್ತಿಲಿನಲ್ಲಿ ಇಟ್ಟು ಬರುತ್ತಿದ್ದೆ, ಒಂದೂ ಮೊಳೆಯಿಲ್ಲದೆ, ಬರೀ ಮರದ ಗೂಟ ಹೊಡೆದದ್ದು. ಹಾಕಿಕೊಳ್ಳುತ್ತಿದ್ದಳು. ಅದರ ಬಗ್ಗೆ ನಾವು ಎಂದೂ ಮಾತಾಡಲಿಲ್ಲ.

ತಲೆ ಬೋಳಿಸಿದ ವಾರದ ಶನಿವಾರವೇ ಜಗುಲಿಯ ಮೇಲೆ ಅವಳ ರೊಟ್ಟಿ ಬಂದಿತ್ತು, ಕೆಳಗೆ ಚೀಟಿ. ಬಲಗಡೆ ಎಂಟು ಹೆಸರು. ಮೊದಲು ಯೋಸಿಫ್, ಆಮೇಲೆ ಬೆಟ್ಟದ ಏಳು ಜನ, ವಾರ್ದಿಸ್‌ನಿಂದ ಹಿಡಿದು. ಎಡಗಡೆ ಒಂದೇ ಹೆಸರು: ಅಂದ್ರೂಲಿಸ್. ಓದದೆ ವಿಧಿಯಿರಲಿಲ್ಲ. ನನಗೆ ಆರೋಗ್ಯ ಕೊಡು ಅಂತ ನನ್ನ ಬಾಯಿಂದಲೇ ಓದಿದೆ, ಪಾದ್ರಿ ಬೇಡಿಕೊಂಡರು. ಇಪ್ಪತ್ತು ವರ್ಷ, ಒಂದು ಭಾನುವಾರವೂ ತಪ್ಪದೆ ಅದೇ ಚೀಟಿ, ಅದೇ ಒಂಬತ್ತು ಹೆಸರು. ಸತ್ತವರ ಮನೆಯವರು ತಮ್ಮವರ ಹೆಸರು ಕೇಳಿ, ಯಾರ ಚೀಟಿಯೋ ಪುಣ್ಯಾತ್ಮರದು ಅಂದುಕೊಂಡರು. ಯೋಸಿಫ್ ಯಾರು ಅಂತ ಯಾರೂ ಕೇಳಲಿಲ್ಲ. ಮನಸ್ಸಿಟ್ಟು ಕೇಳುವವರು ಎಲ್ಲಿದ್ದಾರೆ?

ಅವಳ ಕೊನೆಯ ಚೀಟಿಯನ್ನು ನಾನು ಕೆಂಡಕ್ಕೆ ಹಾಕಲಿಲ್ಲ. ಇಲ್ಲೇ, ಈ ಕಾಗದದ ಪಕ್ಕದಲ್ಲಿದೆ. ಬಲಗಡೆಯ ಎಂಟು ಹೆಸರುಗಳ ಕೆಳಗೆ ಒಂಬತ್ತನೆಯದಾಗಿ ಗರಿಫಲಿಯಾ ಅಂತ ನನ್ನ ಕೈಯಲ್ಲಿ ಬರೆದೆ. ಎಡಗಡೆಯಲ್ಲಿ ನನ್ನ ಹೆಸರು ಒಂಟಿಯಾಗಿ ನಿಂತಿದೆ. ಪೆನ್ಸಿಲ್ ಕೈಯಲ್ಲೇ ಇದೆ. ಒಂದು ಗೀಟು ಎಳೆದು ಅದನ್ನೂ ಬಲಕ್ಕೆ ಸರಿಸಿಬಿಡೋಣ ಅಂತ ಜೀವ ತುಡಿಯುತ್ತದೆ. ಸರಿಸುವುದಿಲ್ಲ. ಅವಳು ಬರೆದ ಜಾಗದಲ್ಲೇ ನಾಳೆ ಅದನ್ನು ಓದುತ್ತೇನೆ. ಓದಿ, ಚೀಟಿಯನ್ನು ಕೆಳಗಿಟ್ಟು, ಜನರ ಕಡೆ ತಿರುಗುತ್ತೇನೆ.